ದೊರೆ ಬಂಗಲೆಯ ಕಾಶಿ ಪೋಸ್ಟರ್ ಅಂದರೆ ಹುಷಾರು

ಚಿಕ್ಕಮಗಳೂರು, ಮೂಡಿಗೆರೆ ಕಡೆ ಹೋಮ್‌ಸ್ಟೇ ನಡೆಸೋರು, ಹಳೇ ಸಾಮಾನಿನ ಹುಚ್ಚಿರೋರು ದಯವಿಟ್ಟು ಓದಿ. ಕಾಶಿಯ ಹಳೇ ರೈಲ್ವೆ ಪೋಸ್ಟರ್ ಅಂತ ನಕಲಿ ಮಾಲು ಮಾರ್ತಿದ್ದಾರೆ. ನನಗೆ 18,000 ರೂಪಾಯಿಗೆ ಒಂದನ್ನು ಕಟ್ಟಿದರು. ಕಥೆಯೂ ಸೊಗಸಾಗಿತ್ತು: ಎಸ್ಟೇಟ್ ಬಿಟ್ಟುಹೋದ ಇಂಗ್ಲಿಷ್ ದೊರೆಯ ಬಂಗಲೆ ಅಟ್ಟದಲ್ಲಿ ಸಿಕ್ಕಿದ್ದಂತೆ! ಫ್ರೇಮ್ ಬಿಚ್ಚಿ ತೋರಿಸಿ ಅಂದರೆ "ಹಳೇ ಕಾಗದ ಸಾರ್, ಪುಡಿಯಾಗುತ್ತೆ" ಎಂದರು.

ಮನೆಗೆ ತಂದು ಬಿಚ್ಚಿದೆ. ಪೋಸ್ಟರಿನ ನಡುವೆ ಅಡ್ಡಕ್ಕೊಂದು ಮಡಿಕೆಯ ಗೆರೆ ಇತ್ತಲ್ಲ, ಬೆರಳಾಡಿಸಿದರೆ ಕಾಗದ ನುಣ್ಣಗಿದೆ. ಮಡಿಕೆಯನ್ನೂ ಸೇರಿಸಿ ಪ್ರಿಂಟ್ ಹೊಡೆದಿದ್ದಾರೆ! ಅಂಚಿನ ಕಂದು ಕಲೆ ಮೂಸಿದರೆ ಡಿಕಾಕ್ಷನ್. ಕಾಫಿ ನಾಡಲ್ಲೇ ಈ ಧೈರ್ಯ ನೋಡಿ.

1930ರ ದಶಕದಲ್ಲಿ ರೈಲ್ವೆಯವರು ಪ್ರವಾಸಿಗರನ್ನು ಸೆಳೆಯೋಕೆ ಕಾಶಿಯ ಘಾಟ್‌ಗಳ ಪೋಸ್ಟರ್ ಮಾಡಿಸಿದ್ದು ನಿಜ. ಆದರೆ ಅವು ಹೆಚ್ಚಾಗಿ ಲಿಥೋಗ್ರಾಫ್ ಅನ್ನೋ ಹಳೇ ಅಚ್ಚಿನ ವಿಧಾನದವು. ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿ ಅಚ್ಚು ಹಾಕ್ತಿದ್ದರು. ವಾಚ್ ರಿಪೇರಿಯವರ ಹತ್ತಿರ ಭೂತಗನ್ನಡಿ ಇಸ್ಕೊಂಡು ನನ್ನದನ್ನು ನೋಡಿದೆ. ಗಂಗೆಯ ನೀರಿನ ತುಂಬ ನೀಲಿ, ಗುಲಾಬಿ, ಹಳದಿ ಚುಕ್ಕಿಗಳು, ಇವತ್ತಿನ ಪ್ರಿಂಟರಿನವು. ಖೋಟಾ ನೋಟು ನೋಡೋ ನೀಲಿ ದೀಪದ ಕೆಳಗಿಟ್ಟರೆ ಕಾಗದ ಹೊಸ ಬಿಳಿ ಪಂಚೆಯ ಹಾಗೆ ಫಳಫಳ. ಕಾಗದಕ್ಕೆ ಆ ಹೊಳಪಿನ ರಾಸಾಯನಿಕ ಹಾಕೋದು ರೂಢಿಯಾದದ್ದು 1950ರ ಆಸುಪಾಸಿನ ನಂತರ. ಅದಕ್ಕೂ ಮುಂಚಿನ ಕಾಗದ ಆ ದೀಪಕ್ಕೆ ಮಂಕಾಗೇ ಇರುತ್ತೆ.

ಇನ್ನೊಂದು ತಮಾಷೆ. ಕೆಳಗೆ 1935 ಅಂತ ಇಸವಿ, ಮೇಲೆ ಇಂಗ್ಲಿಷಿನಲ್ಲಿ 'ವಾರಾಣಸಿ'. ಊರಿನ ಅಧಿಕೃತ ಹೆಸರು ಹಾಗಾದದ್ದು 1956ರ ಮೇನಲ್ಲಿ. ಅದಕ್ಕೂ ಮುಂಚೆ ರೈಲ್ವೆ ಜಾಹೀರಾತಿನಲ್ಲಿ ಇದ್ದದ್ದು 'ಬೆನಾರಸ್'. ನಕಲು ಮಾಡೋನಿಗೆ ಅಷ್ಟೂ ತಾಳ್ಮೆ ಇಲ್ಲ.

ನಕಲು ಅಂತ ಹೇಳಿ ಮಾರಿದರೆ ನನ್ನ ತಕರಾರಿಲ್ಲ, ಗೋಡೆಗೆ ಚೆನ್ನಾಗೇ ಕಾಣುತ್ತೆ. ಆದರೆ ದುಡ್ಡು ವಾಪಸ್ ಕೇಳಿದಾಗ "ಹಳೇದು ಅಂತ ಬಿಲ್ಲಲ್ಲಿ ಎಲ್ಲಿದೆ?" ಎಂದರು. ಕೊಟ್ಟದ್ದು ಬರೀ ಎಸ್ಟಿಮೇಟ್ ಚೀಟಿ, ಅದರಲ್ಲಿ 'ವಾಲ್ ಫ್ರೇಮ್' ಅಂತಷ್ಟೇ ಇದೆ. ಹಾಗಾಗಿ ಬಿಲ್ಲಿನ ಮೇಲೆ 'ಅಸಲಿ, ಇಂಥ ಇಸವಿಯದು' ಅಂತ ಬರೆಸಿಕೊಳ್ಳದೆ ದುಡ್ಡು ಬಿಚ್ಚಬೇಡಿ. ಈಗಾಗಲೇ ಸಿಕ್ಕಿಬಿದ್ದಿದ್ದರೆ ವಾಟ್ಸಾಪ್ ಮೆಸೇಜು, ಯುಪಿಐ ದಾಖಲೆ ಅಳಿಸಬೇಡಿ. ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ನನ್ನ ದೂರು ಹೋಗಿದೆ.