ತುಮಕೂರಿನಲ್ಲಿ ಮಾಡಿಸಿದ ಎಂಡೋಸ್ಕೋಪಿ: ವಿವರಣೆ ಉತ್ತಮ, ಪೂರ್ವಸೂಚನೆ ಅಪೂರ್ಣ

ಎದೆಯುರಿಗೆಂದು ಔಷಧಿ ಅಂಗಡಿಯ ಮಾತ್ರೆಗಳಲ್ಲೇ ದಿನ ತಳ್ಳುತ್ತಿದ್ದ ನಮ್ಮ ದೊಡ್ಡಪ್ಪನವರಿಗೆ ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗಿ ತೂಕವೂ ಇಳಿಯತೊಡಗಿದಾಗ, ತುಮಕೂರಿನ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಇರುವ ನಳಿಕೆ ಇಳಿಸಿ ಜಠರವನ್ನು ನೋಡುವ ಪರೀಕ್ಷೆ) ಮಾಡಿಸಿದೆವು. ಅಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ವೈದ್ಯರ ವಿವರಣೆ. ಜಠರದ ಕ್ಯಾನ್ಸರ್ ಆರಂಭದಲ್ಲಿ ಬರೀ ಗ್ಯಾಸ್ಟ್ರಿಕ್‌ನಂತೆಯೇ ತೋರಬಹುದು, ಆಮ್ಲ ತಗ್ಗಿಸುವ ಮಾತ್ರೆಗಳು ಅದರ ಲಕ್ಷಣಗಳನ್ನು ಮರೆಮಾಚಲೂಬಹುದು, ಆದ್ದರಿಂದ ಜಠರದ ಒಳಪದರವನ್ನು ನೋಡಿ, ಸಂಶಯವಿರುವ ಕಡೆಯಿಂದ ಚೂರು ತೆಗೆದು ಬಯಾಪ್ಸಿಗೆ ಕಳುಹಿಸದೆ ಏನನ್ನೂ ಖಚಿತವಾಗಿ ಹೇಳಲಾಗದು ಎಂದರು. ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರ ನೊಬೆಲ್ ತಂದುಕೊಟ್ಟ ಎಚ್. ಪೈಲೋರಿ ಬ್ಯಾಕ್ಟೀರಿಯಾ ಈ ಕ್ಯಾನ್ಸರಿಗೆ ಮುಖ್ಯ ಕಾರಣಗಳಲ್ಲೊಂದಾದರೂ, ಅದರ ಸೋಂಕಿರುವವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದಿಲ್ಲವೆಂದೂ, ಆಂಟಿಬಯಾಟಿಕ್‌ಗಳಿಂದ ಸೋಂಕನ್ನು ನಿವಾರಿಸಿದರೆ ಅಪಾಯ ತಗ್ಗುತ್ತದೆಂದೂ ತಿಳಿಸಿದರು. ತಂಬಾಕು, ಅತಿಯಾದ ಉಪ್ಪು ಎರಡೂ ಅಪಾಯವೆಂದಾಗ ದೊಡ್ಡಪ್ಪನವರು ಉಪ್ಪಿನಕಾಯಿಯ ಪರವಾಗಿ ವಾದಿಸಿದ್ದು ಬೇರೆ ಮಾತು.

ಪರೀಕ್ಷೆ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದಿದ್ದರಿಂದ ನೋವಾಗಲಿಲ್ಲ, ಓಕರಿಕೆ ಮಾತ್ರ ಬಂತು. ದೂರು ಹೇಳಬೇಕಾದದ್ದು ಮುಂಗಡ ಸೂಚನೆಯ ಬಗ್ಗೆ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಫೋನಿನಲ್ಲಿ ಹೇಳಿದ ಸಿಬ್ಬಂದಿ, ಎಚ್. ಪೈಲೋರಿ ಪರೀಕ್ಷೆ ಸರಿಯಾಗಿ ಬರಬೇಕಾದರೆ ವೈದ್ಯರನ್ನು ಕೇಳಿ ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಗಳನ್ನು ಸಾಮಾನ್ಯವಾಗಿ 2 ವಾರ ಮೊದಲೇ ನಿಲ್ಲಿಸಬೇಕೆಂಬುದನ್ನು ತಿಳಿಸಲೇ ಇಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಂಡುಬರಲಿಲ್ಲ, ಆದರೆ ಸೋಂಕಿನ ಪರೀಕ್ಷೆಗೆ ಮತ್ತೆ ಹೋಗಬೇಕಾಯಿತು.