ಕರಣೆಗೆ ಅಂಟಿದ ಗಟ್ಟಿ ಗಾರೆ: ಆಸಿಡ್, ಗ್ರೈಂಡರ್, ವಿನೆಗರ್

ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ, ಮಳೆಗಾಲಕ್ಕೆ ಮುಂಚೆ ಬರುವ ತುಳುನಾಡಿನ ದಿನ) ಮೊದಲೇ ಮುಗಿಸಬೇಕೆಂದು ತೋಟದ ನೀರಿನ ಟಾಂಕಿಯ ಒಳಮೈಗೆ ಗಾರೆ ಮಾಡಿಸುತ್ತಿದ್ದೆವು. ಕೊನೆಯ ದಿನ ಸಂಜೆ ಗುಡುಗು ಮಳೆ ಬಂದ ಗಡಿಬಿಡಿಯಲ್ಲಿ ನನ್ನ ಎರಡು ಕರಣೆಗಳೂ ಒಂದು ಉಳಿಯೂ ತೊಳೆಯದೆ ಉಳಿದುಹೋದವು. ವಾರ ಕಳೆದು ನೋಡಿದಾಗ ಅಲಗಿನ ಮೇಲೆ ಅರ್ಧ ಬೆರಳು ದಪ್ಪದ ಗಾರೆ ಕಲ್ಲಾಗಿ ಕುಳಿತಿತ್ತು. ಅದನ್ನು ತೆಗೆಯಲು ಆಸಿಡ್, ತಂತಿ ಬ್ರಷ್ಷು ಹಾಕಿದ ಗ್ರೈಂಡರ್, ಅಡುಗೆಯ ವಿನೆಗರ್ ಎಂಬ ಮೂರು ದಾರಿಗಳನ್ನು ಒಂದಾದ ಮೇಲೊಂದರಂತೆ ಹಿಡಿದೆ. ವಿನೆಗರೇ ನನ್ನ ಆಯ್ಕೆ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಆಸಿಡಿನಿಂದ ಆದ ನಷ್ಟವನ್ನು ವಿವರವಾಗಿ ಬರೆಯದಿದ್ದರೆ ಈ ಆಯ್ಕೆಗೆ ಕಾರಣವೇನೆಂದು ತಿಳಿಯದು.

“ಅಣ್ಣಾ, ಕಕ್ಕಸು ತೊಳೆಯುವ ಆಸಿಡ್ ಹಾಕಿ, ಹತ್ತು ನಿಮಿಷ ಸಾಕು” ಎಂದು ಮೇಸ್ತ್ರಿ ಹೇಳಿದ್ದು ಸುಳ್ಳಾಗಲಿಲ್ಲ. ಅದು ಹೈಡ್ರೋಕ್ಲೋರಿಕ್ ಆಮ್ಲ. ಪ್ಲಾಸ್ಟಿಕ್ ಬಾಲ್ದಿಯಲ್ಲಿ ಮೊದಲು ನೀರು ತುಂಬಿಸಿ, ಆ ನೀರಿಗೆ ಆಸಿಡನ್ನು ನಿಧಾನವಾಗಿ ಸುರಿದು (ಆಸಿಡಿಗೆ ನೀರು ಸುರಿದರೆ ಬಿಸಿಯಾಗಿ ಮುಖಕ್ಕೇ ಸಿಡಿಯಬಹುದು), ಒಂದು ಕರಣೆಯನ್ನು ಅದರಲ್ಲಿ ಇಳಿಸಿದೆ. ನೊರೆ ಉಕ್ಕಿತು, ಗಾರೆ ಮೆತ್ತಗಾಯಿತು. ಆದರೆ ಗಾರೆ ಬಿಟ್ಟು ಉಕ್ಕು ಹೊರಗೆ ಕಂಡ ಜಾಗದಿಂದಲೂ ಗುಳ್ಳೆಗಳು ಏಳುತ್ತಲೇ ಇದ್ದವು. ಆಮ್ಲ ಸಿಮೆಂಟನ್ನು ಮುಗಿಸಿ ಕಬ್ಬಿಣವನ್ನೇ ತಿನ್ನತೊಡಗಿತ್ತು. ಆ ಗುಳ್ಳೆಗಳು ಹೈಡ್ರೋಜನ್. ತೊಳೆದು ಒರೆಸಿದಾಗ ಅಲಗು ಬೂದುಬಣ್ಣಕ್ಕೆ ತಿರುಗಿ, ಬೆರಳಿಗೆ ಒರಟಾಗಿ ತಾಗುತ್ತಿತ್ತು.

ನಿಜವಾದ ತೊಂದರೆ ಆ ಮೇಲೆ ಬಂತು. ಉಳಿದ ಆಸಿಡಿನ ಬಾಟಲಿಗೆ ಮುಚ್ಚಳ ಹಾಕಿ, ಹತಾರುಗಳನ್ನು ಇಡುವ ಕೋಣೆಯ ಮೂಲೆಯಲ್ಲಿ ಇಟ್ಟಿದ್ದೆ. ಆ ಮುಚ್ಚಳ ಪೂರ್ತಿ ಬಿಗಿಯಾಗಿರಲಿಲ್ಲ. ಐದಾರು ದಿನಗಳ ನಂತರ ಬಾಗಿಲು ತೆಗೆದರೆ ಮೂಗಿಗೆ ಘಾಟು ಹೊಡೆಯಿತು. ಗೋಡೆಗೆ ತೂಗುಹಾಕಿದ್ದ ಗರಗಸದ ಹಲ್ಲುಗಳು, ಅಡಕೆ ಸುಲಿಯುವ ಕತ್ತಿ, ಆಚಾರಿಯ ಕೈಯಲ್ಲಿ ಹೇಳಿ ಮಾಡಿಸಿದ ಕತ್ತಿಗಳು, ಅಳತೆಯ ಟೇಪು, ಎಲ್ಲದರ ಮೈಮೇಲೂ ಅರಶಿನ ಕಲಸಿದಂತಹ ಕೆಂಪು ತುಕ್ಕು ಹರಡಿತ್ತು. ಆಸಿಡಿನ ಒಂದು ಹನಿಯೂ ಅವುಗಳನ್ನು ಮುಟ್ಟಿರಲಿಲ್ಲ.

ಕಾರಣ ಸರಳವಾಗಿದೆ. ಗಾಢವಾದ ಈ ಆಮ್ಲದಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಸದಾ ಹೊರಬರುತ್ತಿರುತ್ತದೆ. ಅದು ಗಾಳಿಯ ತೇವದೊಂದಿಗೆ ಕೂಡಿ ಮತ್ತೆ ಆಮ್ಲವಾಗಿ ಲೋಹದ ಮೇಲೆ ಕುಳಿತುಕೊಳ್ಳುತ್ತದೆ. ಕಾಸರಗೋಡಿನ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನೂ ಕೊರತೆಯಿಲ್ಲ. ಒಮ್ಮೆ ಉಜ್ಜಿ ತೆಗೆದರೂ ಲೋಹದ ಸಣ್ಣ ಗುಳಿಗಳಲ್ಲಿ ಉಳಿದ ಕ್ಲೋರೈಡು ತೇವವನ್ನು ಎಳೆಯುತ್ತಿರುವುದರಿಂದ ತುಕ್ಕು ಮರುದಿನವೇ ತಿರುಗಿ ಬಂತು. ಸೋಡಾಪುಡಿಯ ನೀರಿನಲ್ಲಿ ತೊಳೆದು, ಉಜ್ಜಿ, ಬಿಸಿಲು ಕಂಡಾಗಲೆಲ್ಲ ಒಣಗಿಸಿ ಎಣ್ಣೆ ಹಚ್ಚುವುದರಲ್ಲಿ ನನ್ನ ಎರಡು ಭಾನುವಾರಗಳು ಹೋದವು, ಮತ್ತು ಗರಗಸ ಇಂದಿಗೂ ಮೊದಲಿನಂತಾಗಿಲ್ಲ.

ಇದಕ್ಕಿಂತ ಹೆಚ್ಚು ನನ್ನನ್ನು ಹೆದರಿಸಿದ ವಿಷಯ ಇನ್ನೊಂದಿದೆ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನ ಚೀಲ ಅದೇ ಕೋಣೆಯಲ್ಲಿತ್ತು. ಬಾಟಲಿ ಉರುಳಿ ಎರಡೂ ಸೇರಿದ್ದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತಿತ್ತು, ಮತ್ತು ಆ ಕೋಣೆಗೆ ಮಕ್ಕಳೂ ಹೋಗಿಬರುತ್ತಾರೆ. ವಿನೆಗರನ್ನೂ ಬ್ಲೀಚಿಂಗ್ ಪೌಡರಿನೊಂದಿಗೆ ಸೇರಿಸಬಾರದೆಂಬುದನ್ನು ಇಲ್ಲಿಯೇ ಹೇಳಬೇಕು.

ಗ್ರೈಂಡರನ್ನು ಉಳಿಯ ಮೇಲೆ ಪ್ರಯೋಗಿಸಿದೆ. ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಆದರೆ ಬ್ರಷ್ಷಿನಿಂದ ಕಿತ್ತುಬಂದ ಒಂದು ತಂತಿ ಅಂಗಿಯ ತೋಳಿನಲ್ಲಿ ಸೂಜಿಯಂತೆ ನೆಟ್ಟಿತ್ತು. ಓದುವ ಕನ್ನಡಕ ಇದಕ್ಕೆ ಸಾಲದು, ಮುಖವಿಡೀ ಮುಚ್ಚುವ ಗುರಾಣಿ ಬೇಕು. ಹೊಯಿಗೆಯೂ (ಮರಳು) ಸಿಮೆಂಟೂ ಸೇರಿದ ಆ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ. ತೆಳ್ಳಗಿನ ಕರಣೆಯ ಅಲಗಾದರೆ ಬಿಸಿಗೆ ನೀಲಿಗಟ್ಟಿ ಹದ ಕಳೆದುಕೊಳ್ಳುವ ಭಯವೂ ಇದೆ.

ಎರಡನೆಯ ಕರಣೆಗೆ ವಿನೆಗರ್. ಇದರಲ್ಲಿರುವುದು ನೂರಕ್ಕೆ ನಾಲ್ಕೈದು ಪಾಲು ಅಸಿಟಿಕ್ ಆಮ್ಲ ಮಾತ್ರ. ಹೀಗಾಗಿ ದಪ್ಪ ಗಾರೆಯನ್ನು ಹಾಗೆಯೇ ಮುಳುಗಿಸಿದರೆ ಮೇಲಿನ ಪದರವಷ್ಟೇ ಕರಗಿ ಒಳಗಿನದು ಕಲ್ಲಾಗಿಯೇ ಇರುತ್ತದೆ. ಕರಣೆಯನ್ನು ಮರದ ತುಂಡಿನ ಮೇಲೆ ಮಲಗಿಸಿ, ಕೈಗವಸು ಕನ್ನಡಕ ಹಾಕಿಕೊಂಡು, ಗಾರೆಯ ಅಂಚಿಗೆ ಓರೆಯಾಗಿ ಸಣ್ಣ ಸಣ್ಣ ಪೆಟ್ಟು ಕೊಟ್ಟು ದಪ್ಪನೆಯದನ್ನು ಮೊದಲು ಎಬ್ಬಿಸಿದೆ. ಅಗಲದ ತಟ್ಟೆಯಲ್ಲಿ ಅಲಗು ಮಾತ್ರ ಮುಳುಗುವಷ್ಟು ವಿನೆಗರ್ ಸುರಿದು, ಮರದ ಹಿಡಿಯನ್ನು ಹೊರಗೆ ಚಾಚಿ ರಾತ್ರಿಯಿಡೀ ಬಿಟ್ಟೆ. ಮೊದಲ ಅರ್ಧ ಗಂಟೆ ಅಲಗಿನಿಂದ ಸಣ್ಣ ಗುಳ್ಳೆಗಳ ಸಾಲು ಏಳುತ್ತಿತ್ತು. ಬೆಳಿಗ್ಗೆ ತಟ್ಟೆಯ ತಳದಲ್ಲಿ ಹೊಯಿಗೆ ಬೇರೆಯಾಗಿ ಕುಳಿತಿತ್ತು, ಏಕೆಂದರೆ ಆಮ್ಲ ಹೊಯಿಗೆಯನ್ನು ಕರಗಿಸುವುದಿಲ್ಲ, ಅದನ್ನು ಹಿಡಿದಿರುವ ಸಿಮೆಂಟನ್ನು ಮಾತ್ರ ಸಡಿಲಿಸುತ್ತದೆ. ಉಳಿದದ್ದನ್ನು ತೆಂಗಿನ ಚಿಪ್ಪಿನ ತುಂಡಿನಿಂದ ಕೆರೆದಾಗ ಹಸಿ ಮಣ್ಣಿನಂತೆ ಬಂತು. ಅಲ್ಲಲ್ಲಿ ಉಳಿದ ಚುಕ್ಕೆಗಳಿಗೆ ಹೊಸ ವಿನೆಗರಿನಲ್ಲಿ ಇನ್ನೂ ಎರಡು ಗಂಟೆ ಬೇಕಾಯಿತು.

ಹಿತ್ತಿಲಿನಲ್ಲಿ ಧಾರಾಳವಾಗಿರುವ ಬಿಂಬುಳಿ ಎಂಬ ಹುಳಿಕಾಯಿಯ ರಸವನ್ನೂ ನೋಡಿದೆ, ಪ್ರಯೋಜನವಾಗಲಿಲ್ಲ. ಅದರ ಆಕ್ಸಾಲಿಕ್ ಆಮ್ಲ ಸಿಮೆಂಟಿನ ಸುಣ್ಣದೊಂದಿಗೆ ಸೇರಿದರೆ ನೀರಿನಲ್ಲಿ ಕರಗದ ಬಿಳಿ ಪದರವೇ ಉಂಟಾಗುತ್ತದೆ. ವಿನೆಗರಿನಿಂದ ಆಗುವ ಕ್ಯಾಲ್ಸಿಯಂ ಅಸಿಟೇಟು ನೀರಿನಲ್ಲಿ ಸುಲಭವಾಗಿ ಕರಗಿ ಹೋಗುತ್ತದೆ.

ಗಾರೆ ಕೆಲಸವೇ ಕಸುಬಾದವರಿಗೆ ರಾತ್ರಿಯಿಡೀ ಕಾಯುವುದು ಕಷ್ಟವಾಗಬಹುದು. ವರ್ಷದಲ್ಲಿ ಒಂದೆರಡು ಬಾರಿ ತೋಟದ ಕಟ್ಟೆಯನ್ನೋ ಟಾಂಕಿಯನ್ನೋ ದುರಸ್ತಿ ಮಾಡುವ ನನಗೆ ಅವಸರವಿಲ್ಲ, ನೂರು ರೂಪಾಯಿಯೊಳಗೆ ಎರಡು ಬಾಟಲಿ ವಿನೆಗರ್ ಸಿಕ್ಕಿತು, ಮತ್ತು ಅದನ್ನು ಅಡುಗೆಮನೆಯಲ್ಲಿಯೇ ಇಡಬಹುದು. ಬಾಂಡ್ಲಿಯಂತಹ ದೊಡ್ಡ ಪಾತ್ರೆಗೆ ಮಾತ್ರ ಇದು ಆಗದು. ಅದನ್ನು ಮಗುಚಿ ಹಾಕಿ, ಹೊರಗಿನಿಂದ ಮರದ ಕೊಡತಿಯಿಂದ ತಟ್ಟಿ ಗಾರೆಯನ್ನು ಉದುರಿಸುತ್ತೇನೆ.

ವಿನೆಗರಿನಿಂದ ತೆಗೆದ ಕರಣೆಯನ್ನು ಹಾಗೆಯೇ ಬಿಟ್ಟರೆ ಅದಕ್ಕೂ ತುಕ್ಕು ಹಿಡಿಯುತ್ತದೆ. ಸೋಡಾಪುಡಿಯ ನೀರಿನಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ತೊಳೆದು, ಒಲೆಯ ಹತ್ತಿರ ಕೈಗೆ ಬೆಚ್ಚಗೆ ತಾಗುವಷ್ಟು ಒಣಗಿಸಿ ತೆಂಗಿನೆಣ್ಣೆ ಸವರುತ್ತೇನೆ. ಮೊನ್ನೆ ಆಟಿ ತಿಂಗಳ (ತುಳುವರ ಮಳೆಗಾಲದ ತಿಂಗಳು) ಮಳೆಯ ನಡುವೆ ತೆಗೆದು ನೋಡಿದಾಗ ಆ ಕರಣೆಯ ಮೇಲೆ ಎಣ್ಣೆಯ ಪದರ ಹಾಗೆಯೇ ಇತ್ತು; ಆಸಿಡಿನಲ್ಲಿ ತೊಳೆದ ಕರಣೆಯ ಹಿಡಿಯ ಬುಡದಲ್ಲಿ ತುಕ್ಕು ಮತ್ತೆ ಕಾಣಿಸಿಕೊಂಡಿತ್ತು.