ತಿಪಟೂರು ಲೈನ್‌ಗೆ ಮೋಡೆಮ್ ಬ್ಯಾಕಪ್, ಇಷ್ಟು ವರ್ಷ ಬಳಸಿದ್ಮೇಲೆ

ಶನಿವಾರ ಸಾಯಂಕಾಲ ಮಂಡಿ ಬಾಗ್ಲು ಹಾಕೋಕ್ ಮುಂಚೆ ನಂದೊಂದು ಪೂಜೆ ಇದೆ. ತುಮಕೂರು ಆಫೀಸಿನ ಸಿಸ್ಕೋ ರೌಟರ್‌ನಿಂದ (ಎರಡು ಊರಿನ ಕಂಪ್ಯೂಟರ್ ಜೋಡಿಸೋ ಡಬ್ಬಿ) ಲೀಸ್ಡ್ ಲೈನ್, ಅಂದ್ರೆ ಯಾವಾಗ್ಲೂ ಚಾಲೂ ಇರೋ ಬಾಡಿಗೆ ಲೈನಿನ ಕೇಬಲ್ ಕಿತ್ತು, ತಿಪಟೂರು ಗೋಡೌನಿಗೆ ಪಿಂಗ್ ಹೊಡೆದು (ಇದೀಯಾ ಅಂತ ಒಂದು ಪ್ಯಾಕೆಟ್ ಕಳಿಸಿ) ಕಿವಿ ಕೊಟ್ಕೊಂಡು ನಿಂತ್ಕೋತೀನಿ. ಆಗ ರೌಟರಿನ ಆಕ್ಸ್ ಪೋರ್ಟಿಗೆ, ಅಂದ್ರೆ ಹೆಚ್ಚುವರಿ ಕಿಂಡಿಗೆ, ಹಾಕಿರೋ ಮೋಡೆಮ್ ಮಾಮೂಲಿ ಫೋನ್ ಲೈನಲ್ಲಿ ನಂಬರ್ ಒತ್ತುತ್ತೆ, ಆ ಕಡೆ ರಿಂಗ್ ಆಗುತ್ತೆ, ಆಮೇಲೆ ಕೀಂಯ್ ಗರ್ರ್ ಅಂತ ಬೆಕ್ಕಿನ ಬಾಲ ತುಳಿದಂಗೆ ಕಿರುಚಾಟ, ನಾನು ನಲವತ್ತು ಎಣಿಸೋಷ್ಟ್ರಲ್ಲಿ ರಿಪ್ಲೈ ಬಂದಿರುತ್ತೆ. ಸ್ಪೀಕರ್ ಆಫ್ ಮಾಡು ಅಂತ ಯಜಮಾನ್ರು ಎಷ್ಟು ಸಲ ಬೈದ್ರೂ ಮಾಡಿಲ್ಲ.

ಎರಡು ಮೋಡೆಮ್ಮೂ ಎಸ್‌ಪಿ ರೋಡಲ್ಲಿ ಚೌಕಾಸಿ ಮಾಡಿ ತಂದ ಸೆಕೆಂಡ್ ಹ್ಯಾಂಡ್. ಡಬ್ಬಿ ಮೇಲೆ 56ಕೆ (ಸೆಕೆಂಡಿಗೆ 56 ಸಾವಿರ ಬಿಟ್) ಅಂತಿದೆ, ನಂಬ್ಬೇಡಿ. ಎರಡೂ ಕಡೆ ಮಾಮೂಲಿ ಫೋನ್ ಲೈನಿದ್ರೆ 33.6ಕೆ ಮೇಲೆ ಹೋಗಲ್ಲ. ನಮ್ದು ಕಪ್ಪು ಸ್ಕ್ರೀನಿನ ಹಳೇ ಬಿಲ್ಲಿಂಗು, ಕೊಬ್ರಿ ಮೂಟೆ ಲೆಕ್ಕಕ್ಕೆ ಅಷ್ಟು ಸಾಕು, ಫೋಟೋ ಗೀಟೋ ಕಳಿಸೋರು ಈ ತಂಟೆಗೇ ಬರ್ಬೇಡಿ.

ಆದ್ರೆ ಮೊದಲ ತಿಂಗಳ ಫೋನ್ ಬಿಲ್ಲು ನೋಡಿ ಯಜಮಾನ್ರು ಮೂರು ದಿನ ನನ್ ಜೊತೆ ಮಾತಾಡ್ಲಿಲ್ಲ ಕಣ್ರೀ. ಲೀಸ್ಡ್ ಲೈನ್ ಸರಿಹೋದ್ಮೇಲೂ ಕಾಲ್ ಕಟ್ಟಾಗ್ತಾನೇ ಇರ್ಲಿಲ್ಲ. ತಪ್ಪು ನಂದೇ. ಡಯಲರ್, ಅಂದ್ರೆ ರೌಟರಲ್ಲಿ ಮೋಡೆಮ್ ಕಾಲ್ ನೋಡ್ಕೊಳ್ಳೋ ಭಾಗದ ಮೇಲೂ, ಇಐಜಿಆರ್‌ಪಿ (ರೌಟರ್‌ಗಳು ತಮ್ತಮ್ಮಲ್ಲಿ ದಾರಿ ಹೇಳ್ಕೊಳ್ಳೋ ಭಾಷೆ) ಓಡಿಸ್ಬಿಟ್ಟಿದ್ದೆ, ಅದು 5 ಸೆಕೆಂಡಿಗೊಂದು ಸಲ ಹಲೋ ಅನ್ನುತ್ತೆ, ಐಡಲ್ ಟೈಮ್‌ಔಟ್, ಅಂದ್ರೆ ಸುಮ್ನಿದ್ರೆ ಕಾಲ್ ಕಟ್ ಮಾಡೋ ಗಡುವು, 120 ಸೆಕೆಂಡು, ಇನ್ನೆಲ್ಲಿ ಐಡಲ್ ಆಗೋದು, ಇಬ್ರು ಅತ್ತಿಗೇರು ಫೋನಲ್ಲಿ ಕೂತಂಗೆ. ಯಾವುದಕ್ಕೆ ಡಯಲ್ ಮಾಡ್ಬೇಕು ಅಂತ ಹೇಳೋ ಡಯಲರ್ ಲಿಸ್ಟಿಗೆ ಕಟ್ಟಿದ್ದ ಆಕ್ಸೆಸ್ ಲಿಸ್ಟಲ್ಲಿ (ಪ್ಯಾಕೆಟ್ ಆರಿಸೋ ಪಟ್ಟಿ) ಇಐಜಿಆರ್‌ಪಿಗೆ ಡಿನೈ ಹಾಕ್ದೆ. ಡಿನೈ ಅಂದ್ರೆ ಆ ಪ್ಯಾಕೆಟ್ ತಡೆಯೋದಲ್ಲ, ಅದಕ್ಕೋಸ್ಕರ ಡಯಲ್ ಮಾಡ್ಬೇಡ, ಟೈಮರ್ ಮುಟ್ಬೇಡ ಅಂತ ಅಷ್ಟೇ, ಇದು ತಲೆಗೆ ಹತ್ತೋಕೆ ನಂಗೆ ಒಂದು ಭಾನುವಾರ ಪೂರ್ತಿ ಬೇಕಾಯ್ತು. ಆಮೇಲೆ ಡಯಲರ್ ಮೇಲಿಂದ ಇಐಜಿಆರ್‌ಪಿನೇ ತೆಗ್ದು 200 ಡಿಸ್ಟೆನ್ಸ್ ಕೊಟ್ಟು ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದ ದಾರಿ) ಹಾಕಿದೀನಿ, ಡಿಸ್ಟೆನ್ಸ್ ಕಮ್ಮಿ ಇರೋ ದಾರಿಗೇ ಮೊದಲ ಮಣೆ, ಇಐಜಿಆರ್‌ಪಿದು 90 ಅಲ್ವಾ, ಲೀಸ್ಡ್ ಲೈನಿನ ಆ ರೂಟ್ ಇರೋವರ್ಗೂ ಇದು ತಲೆ ಎತ್ತಲ್ಲ. ಬಿಲ್ಲು ನೆಲಕ್ಕಿಳೀತು, ಯಜಮಾನ್ರು ಕಾಫಿ ತರಿಸಿದ್ರು.

ಹೋದ ಹರಾಜಿನ ದಿನ ರಸ್ತೆ ಅಗೆಯೋ ಜೆಸಿಬಿ ಲೀಸ್ಡ್ ಲೈನ್ ಕಡಿದು ಹಾಕ್ದಾಗ್ಲೂ ಬಿಲ್ಲಿಂಗ್ ನಿಲ್ಲಲಿಲ್ಲ, ಮೋಡೆಮ್ ಕಿರುಚಿದ್ದು ಕೇಳಿ ಹಮಾಲಿಗಳು ಸಹ ತಿರುಗಿ ನೋಡಿದ್ರು.

ಈಗ ತಿಪಟೂರಲ್ಲಿ ತಾಮ್ರದ ಲೈನ್ ತೆಗ್ದು ಫೈಬರ್ ಹಾಕ್ತೀವಿ ಅಂತಿದಾರೆ. ಫೈಬರ್ ಫೋನಲ್ಲಿ ಟ್ರಯಲ್ ನೋಡಿದ್ವಿ, ಕೀಂಯ್ ಅಂತ ಶುರುವಾಗಿ ಅರ್ಧಕ್ಕೇ ಸುಮ್ಮನಾಗುತ್ತೆ. ಒಂದೇ ಒಂದು ಹಳೇ ಜೋಡಿ ತಂತಿ ಬಿಡಪ್ಪಾ ಅಂತ ಲೈನ್‌ಮನ್ ಹಿಂದೆ ಬಿದ್ದಿದೀನಿ, ನೋಡೋಣ ಅಂದಿದಾನೆ.